ಆ ಮಾಡು, ದೊಡ್ಡಮ್ಮ

ಫೆಬ್ರವರಿ 9

ಪ್ರೀತಿಯ ಅಕ್ಕ,

ಕೊನೆಗೂ ಕೊಟ್ಟರು! ಮ್ಯೂಸಿಯಂನ ಮೇಲಿನ ಮಹಡಿಯಲ್ಲಿ ಇಷ್ಟು ವರ್ಷ ಮುರಿದ ಕುರ್ಚಿಗಳನ್ನು ಒಟ್ಟಿದ್ದ ಉದ್ದನೆಯ ಕೋಣೆ ಇನ್ನು ನನ್ನ ಸುಪರ್ದಿ. ನಮ್ಮ ಮುಖ್ಯಸ್ಥರು ಮೊನ್ನೆ ಕರೆದು, "ಒಂದೇ ವಿಷಯ ಹಿಡ್ಕೊಂಡು ಮಾಡಮ್ಮ, ಜನ ಬಾಯಿ ಬಿಟ್ಕೊಂಡು ನೋಡ್ಬೇಕು" ಅಂದರು. "ಹಾಗಾದ್ರೆ ಬಾಯಿನೇ ಇಡೋಣ ಸಾರ್" ಅಂದೆ. ತಮಾಷೆ ಎಂದುಕೊಂಡು ನಕ್ಕರು. ವಿವರಿಸುತ್ತ ಹೋದ ಹಾಗೆ ನಗು ನಿಲ್ಲಿಸಿ ಚಹಾ ತರಿಸಿದರು.

ನೀನೂ ಕೇಳು. ಬಾಗಿಲಲ್ಲೇ ದವಡೆಯೇ ಇಲ್ಲದ ಮೀನು. ಹಾವಿನಂಥ ಮೈ, ತುದಿಗೆ ಬಟ್ಟಲಿನಂಥ ದುಂಡು ಬಾಯಿ, ಒಳಗೆಲ್ಲ ಮುಳ್ಳುಮುಳ್ಳು ಹಲ್ಲು. ದವಡೆ ಹುಟ್ಟಿದ ಕಥೆ ಅಲ್ಲಿಂದ ಶುರು. ಎಡಗೋಡೆಯ ಉದ್ದಕ್ಕೂ ಹುಳುಹುಪ್ಪಟೆ. ಸೊಳ್ಳೆಯ ಬಾಯಿಯನ್ನು ಕೊಡೆಯಷ್ಟು ದೊಡ್ಡದಾಗಿ ಮಾಡಿಸುತ್ತಿದ್ದೇನೆ. ಅದು ಒಂದು ಸೂಜಿಯಲ್ಲ, ಸೂಜಿಗಳ ಕಟ್ಟು ಎಂದು ಕಣ್ಣಿಗೆ ಕಾಣಬೇಕು. ಚಿಟ್ಟೆ ಗೂಡಿನಿಂದ ಹೊರಬಂದಾಗ ಅದರ ಹೀರುಗೊಳವೆ ಎರಡು ಸೀಳಾಗಿರುತ್ತದಂತೆ. ಹಾರುವ ಮೊದಲು ಅದು ಸುಮ್ಮನೆ ಕೂತು ಎರಡನ್ನೂ ಹೊಂದಿಸಿ ಹೊಲಿದುಕೊಳ್ಳುತ್ತದಂತೆ! ಬಲಗೋಡೆಗೆ ಮೂಳೆಯವರು: ಗದ್ದದಲ್ಲಿ ಕೂಡಿಕೊಳ್ಳದ ದವಡೆಯ ಹಾವು, ಮೊಸಳೆ, ಮೊಲ, ಕುದುರೆ. ಕೊನೆಗೆ ನಮ್ಮ ಕಿವಿ. ಕಿವಿಯೊಳಗಿನ ಪುಟಾಣಿ ಮೂಳೆಗಳು ಒಂದು ಕಾಲಕ್ಕೆ ದವಡೆಯವೇ ಆಗಿದ್ದವಲ್ಲ, ಅದನ್ನು ಹೇಳಿ ಮುಗಿಸುತ್ತೇನೆ.

ನಟ್ಟನಡುವೆ ಒಂದು ಪೀಠ ಇದೆ. ಅದರ ಮೇಲೆ ಏನಿಡಬೇಕೆಂದು ಇನ್ನೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತರೇ ಎದೆ ಧಸಕ್ ಎನ್ನುವಂಥದ್ದು ಬೇಕು.

ಮೃಗಾಲಯದ ಡಾಕ್ಟರಮ್ಮನ ತಂಗಿ ನಾನು. ಬೇರೆಯವರ ಮುಂದೆ ಕೈಯೊಡ್ಡುವುದೇಕೆ? ನಿಮ್ಮಲ್ಲಿ ಸತ್ತ ಪ್ರಾಣಿಗಳ ತಲೆಬುರುಡೆ ಇದ್ದರೆ ಹೇಳು. ಚಿಕ್ಕಂದಿನಲ್ಲಿ ಮಿಡತೆಯನ್ನು ಲೋಟದಡಿ ಹಿಡಿದು, "ನೋಡೇ, ನಮ್ಮ ಬಾಯಿ ಮೇಲೆ ಕೆಳಗೆ, ಇದರದ್ದು ಬಾಗಿಲ ಹಾಗೆ ಅಕ್ಕಪಕ್ಕ" ಎಂದು ತೋರಿಸಿದವಳು ನೀನೇ. ಈ ಕೋಣೆಯ ತಪ್ಪೊಪ್ಪೆಲ್ಲ ನಿನ್ನ ತಲೆಗೇ.

ನಿನ್ನ
ಗುಬ್ಬಿ

ಫೆಬ್ರವರಿ 21

ಗುಬ್ಬಿ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕಣ್ಣಿನ ಪೊರೆ ಬಲಿತಿದೆ, ಅಕ್ಷರ ಕಾಣುವುದಿಲ್ಲ, ಅಭಿಪ್ರಾಯಕ್ಕೇನೂ ಕೊರತೆಯಿಲ್ಲ. "ಇಷ್ಟೊಂದು ಬಾಯಿ ಸೇರಿಸೋಕೆ ಮ್ಯೂಸಿಯಂ ಯಾಕೆ? ನಿಮ್ಮಿಬ್ಬರನ್ನ ಒಂದು ರೂಮಲ್ಲಿ ಕೂರಿಸಿದ್ರೆ ಸಾಕು" ಅಂದಳು. ಕಿವಿಯ ಮೂಳೆಯ ವಿಷಯ ಮಾತ್ರ ಅವಳಿಗೆ ಬಹಳ ಹಿಡಿಸಿತು. ಬಾಯಿ ಮಾಡುವವರಿಗೆ ಕಿವಿ ಯಾಕೆ ಕೇಳಿಸುವುದಿಲ್ಲ ಎಂಬುದು ಈಗ ಗೊತ್ತಾಯಿತಂತೆ.

ಒಂದು ಮೊಸಳೆ ಇದೆ, ಹೋದ ವರ್ಷ ಸತ್ತದ್ದು. ಎರಡು ಮೊಲ. ನಿರ್ದೇಶಕರಿಗೆ ಕ್ರಮಪ್ರಕಾರ ಬರೆದು ಕೇಳು, ಕೊಡುತ್ತಾರೆ.

ಪೀಠದ ಮೇಲೆ ಇಡಲು ನನ್ನ ದೊಡ್ಡಮ್ಮನಷ್ಟು ತಕ್ಕವಳು ಯಾರೂ ಇಲ್ಲ, ಆದರೆ ಅವಳು ಇನ್ನೂ ಇಲ್ಲೇ ಇದ್ದಾಳೆ, ಇವತ್ತು ಬೆಳಿಗ್ಗೆ ಕಲ್ಲಂಗಡಿಯನ್ನು ಸಿಪ್ಪೆ ಸಮೇತ ಮುಗಿಸಿದ್ದಾಳೆ. ನೀನು ಅವಳನ್ನು ನೋಡಿಲ್ಲವಲ್ಲ. ನಮ್ಮ ನೀರಾನೆ. ಎಂದೋ ಕಬ್ಬಿಣದ ಗೇಟಿಗೆ ಗುದ್ದಿ ಮೇಲಿನ ಬಲಕೋರೆ ಬುಡಕ್ಕೇ ಮುರಿದುಕೊಂಡವಳು. ನೀರಾನೆಯ ಕೋರೆ ಸಾಯುವತನಕ ಬೆಳೆಯುತ್ತದೆ. ಮೇಲಿನದೂ ಕೆಳಗಿನದೂ ಒಂದನ್ನೊಂದು ತಿಕ್ಕಿ ಸವೆಸಿಕೊಳ್ಳಬೇಕು. ಇವಳದು ಮೇಲಿನದು ಹೋಯಿತು, ಕೆಳಗಿನದಕ್ಕೆ ಎದುರಾಳಿಯಿಲ್ಲ. ಬೆಳೆದು ಬಾಗಿ ತುಟಿಯನ್ನೇ ಚುಚ್ಚುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಅಗಿದು ಕೆಳದವಡೆಯೇ ವಾರೆಯಾಗಿದೆ. ಎದುರಿನಿಂದ ನೋಡಿದರೆ ಯಾರನ್ನೋ ಅಣಕಿಸುತ್ತಿರುವ ಹಾಗೆ ಕಾಣುತ್ತಾಳೆ.

ಮೊದಮೊದಲು ಅರಿವಳಿಕೆ ಕೊಟ್ಟು ಕೋರೆ ಕೊಯ್ಯುತ್ತಿದ್ದೆವು. ಆ ಗಾತ್ರದ ಪ್ರಾಣಿಗೆ ಅದು ಪ್ರತಿ ಸಲವೂ ಜೂಜು. ಆಮೇಲೆ ನಾನೂ ಬಕೆಟ್ ಮಾಮನೂ ಕೂತು ಕಲಿಸಿದೆವು. (ಬಕೆಟ್ ಮಾಮ ಅವಳನ್ನು ನೋಡಿಕೊಳ್ಳುವವನು. ಬಕೆಟ್ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ; ಮದುವೆಗೂ ಹಾಗೇ ಹೋಗಿದ್ದನೆಂದು ಪ್ರತೀತಿ.) ಕಂಬಿಯಾಚೆ ನಿಂತು, ಮಗುವಿಗೆ ತುತ್ತು ಕೊಡುವ ಹಾಗೆ, "ಆ ಮಾಡು ದೊಡ್ಡಮ್ಮ, ಆ..." ಎನ್ನುವುದು. ಬಾಯಿ ತೆರೆದರೆ ಹಣ್ಣು. ತೆರೆದೇ ಇದ್ದರೆ ಇನ್ನೊಂದು. ಒಸಡಿಗೆ ಸೂಜಿ ಚುಚ್ಚಿದರೂ ಮುಚ್ಚದೆ ಇದ್ದರೆ ಇಡೀ ಬಕೆಟ್ಟು. ಒಂದೂವರೆ ವರ್ಷ ಹಿಡಿಯಿತು. ಈಗ ಗರಗಸ ಹಿಡಿದ ನನ್ನ ಎರಡೂ ತೋಳು ಅವಳ ಬಾಯೊಳಗೆ ಇರುತ್ತವೆ, ಅವಳು ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿರುತ್ತಾಳೆ. ಒಮ್ಮೆ ಕಚ್ಚಿದರೆ ಸಾಕು, ನಾನು ಎರಡು ತುಂಡು. ನನಗೆ ಆ ಹೊತ್ತಿನಲ್ಲಿ ಭಯವಾಗುವುದೇ ಇಲ್ಲ. ಬೇರೆಲ್ಲ ಕಡೆ ಆಗುತ್ತದೆ.

ಅವಳು ತಾನಾಗಿ ಹೋದ ದಿನ ಬುರುಡೆ ನಿನ್ನದೇ. ಅಲ್ಲಿಯವರೆಗೆ ಪೀಠದ ಮೇಲೆ ಹೂಕುಂಡ ಇಡು.

ನಿನ್ನ
ಅಕ್ಕ

ಏಪ್ರಿಲ್ 2

ಪ್ರೀತಿಯ ಅಕ್ಕ,

ನಿಮ್ಮಲ್ಲಿಗೆ ಬಂದು ಹೋಗಿ ವಾರವಾದರೂ ಕಣ್ಣ ಮುಂದೆ ದೊಡ್ಡಮ್ಮನೇ. ನೀನು "ಆ ಮಾಡು" ಎಂದೆ, ಅವಳು ಬಾಯಿ ತೆರೆದಳು, ತೆರೆಯುತ್ತಲೇ ಹೋದಳು. ಕಾರಿನ ಬಾನೆಟ್ ಎತ್ತಿದ ಹಾಗೆ. ನಾನು ಅತ್ತದ್ದನ್ನು ನೋಡಿ ಬಕೆಟ್ ಮಾಮ, "ಯಾಕಮ್ಮ, ವಾಸನೆಗಾ?" ಎಂದು ಕೇಳಿದರು. ಪಾಪ.

ನಿಮ್ಮ ನಿರ್ದೇಶಕರ ಜೊತೆ ಚಹಾ ಕುಡಿದು ಬಂದೆ. ಒಳ್ಳೆಯವರು. ಮೊಸಳೆ, ಮೊಲ ಎರಡಕ್ಕೂ ಒಪ್ಪಿದರು. ಕೋಣೆಯ ಕೆಲಸ ಜೋರಾಗಿ ನಡೆದಿದೆ. ಡಿಸೆಂಬರ್‌ನಲ್ಲಿ ಉದ್ಘಾಟನೆ ಎಂದು ಮುಖ್ಯಸ್ಥರು ಎಲ್ಲ ಕಡೆ ಹೇಳಿಬಿಟ್ಟಿದ್ದಾರೆ. ಪೀಠ ಮಾತ್ರ ಬೋಳು. ಹೂಕುಂಡ ಇಟ್ಟು ನೋಡಿದೆ, ದಂತವೈದ್ಯರ ಕಾಯುವ ಕೋಣೆಯ ಹಾಗೆ ಕಂಡಿತು.

ಒಂದು ಕೇಳಲೇ? ಅವಳಿಗೆ ನೋವಿಲ್ಲವೇ ಅಕ್ಕ? ಆ ದವಡೆಯ ಕೀಲು ಅಷ್ಟು ವಾರೆಯಾಗಿದೆ. ಬಾಯಿ ಮುಚ್ಚುವಾಗ ಒಂದು ಕ್ಷಣ ತಡೆದು ಮುಚ್ಚಿದಳು, ನೋಡಿದೆ. ನೀನು ಎಂದಾದರೂ ಯೋಚಿಸಿದ್ದೀಯಾ?

ಅಮ್ಮನ ಕಣ್ಣನ್ನು ಇನ್ನೂ ಎಷ್ಟು ದಿನ ಮುಂದೂಡುವುದು? ಇಲ್ಲಿ ಒಳ್ಳೆಯ ಆಸ್ಪತ್ರೆಯಿದೆ, ನಮ್ಮ ಮನೆಗೆ ಹತ್ತಿರ. ಮೇ ತಿಂಗಳಲ್ಲಿ ಇಬ್ಬರೂ ಬನ್ನಿ. ಆಪರೇಷನ್ ಆಗಿ ಪಟ್ಟಿ ಬಿಚ್ಚುವವರೆಗೆ ನೀನೂ ಇಲ್ಲೇ ಇರು. ರಜೆಯೆಂಬ ಪದಾರ್ಥವನ್ನು ಕಂಡು ನಿನಗೆ ಎಷ್ಟು ವರ್ಷವಾಯಿತು? ಇಲ್ಲ ಅನ್ನಬೇಡ.

ನಿನ್ನ
ಗುಬ್ಬಿ

ಏಪ್ರಿಲ್ 15

ಗುಬ್ಬಿ,

ಬರುತ್ತೇವೆ. ಅಮ್ಮ ಈಗಲೇ ಪೆಟ್ಟಿಗೆ ಕಟ್ಟುತ್ತಿದ್ದಾಳೆ; ಕಣ್ಣು ಕಾಣದೆ ನನ್ನ ಮೇಲಂಗಿಯನ್ನೂ ಅದರೊಳಗೆ ಹಾಕಿಬಿಟ್ಟಿದ್ದಾಳೆ.

ದೊಡ್ಡಮ್ಮನ ನೋವಿನ ಬಗ್ಗೆ ಕೇಳಿದೆಯಲ್ಲ. ಬೇರೆಯವರಾಗಿದ್ದರೆ ಇಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕೆಲವು ದಿನ ಇರುತ್ತದೆ. ಅಂಥ ದಿನ ನೀರಿನಿಂದ ತಲೆ ಎತ್ತುವುದಿಲ್ಲ. ಮಾತ್ರೆ ಕೊಡುತ್ತೇನೆ, ಮರುದಿನ ಎತ್ತುತ್ತಾಳೆ. ಎತ್ತದ ದಿನಗಳು ಎತ್ತುವ ದಿನಗಳಿಗಿಂತ ಹೆಚ್ಚಾದಾಗ ನಾನೇ ಕಳುಹಿಸಿಕೊಡುತ್ತೇನೆ. ನನ್ನ ಕೈಯಿಂದಲೇ. ಬಕೆಟ್ ಮಾಮ ಪಕ್ಕದಲ್ಲಿರಬೇಕು, ಅವಳ ಬಾಯಲ್ಲಿ ಹಣ್ಣಿರಬೇಕು, ಕಿವಿಯ ಹಿಂದೆ ನನ್ನ ಕೈ ಇರಬೇಕು. ಅಷ್ಟನ್ನು ಮನಸ್ಸಿನಲ್ಲಿ ಎಂದೋ ತೀರ್ಮಾನಿಸಿದ್ದೇನೆ. ಆ ದಿನ ಇನ್ನೂ ಬಂದಿಲ್ಲ. ನಿನ್ನನ್ನು ಬಿಟ್ಟು ಯಾರಿಗೂ ಇದನ್ನು ಹೇಳಿಲ್ಲ, ಮಾಮನಿಗೂ ಇಲ್ಲ.

ನಿನ್ನ
ಅಕ್ಕ

ಮೇ 30

ಗುಬ್ಬಿ,

ಊರು ಮುಟ್ಟಿದೆವು. ಅಮ್ಮನನ್ನು ಮನೆಯಲ್ಲಿ ಬಿಟ್ಟು ಬಟ್ಟೆಯನ್ನೂ ಬದಲಿಸದೆ ಮೃಗಾಲಯಕ್ಕೆ ಹೋದೆ. ನೀನು ದೊಡ್ಡಮ್ಮನಿಗೆಂದು ಕಟ್ಟಿಕೊಟ್ಟ ಸೇಬಿನ ಚೀಲ ಕೈಯಲ್ಲಿತ್ತು.

ಕೊಳದಲ್ಲಿ ನೀರಿರಲಿಲ್ಲ. ತಳದ ಸಿಮೆಂಟು ಒಣಗಿ ಬಿಳಿಚಿಕೊಂಡಿತ್ತು. ಬಕೆಟ್ ಮಾಮ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ, ಕೈಯಲ್ಲಿ ಏನೂ ಇರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ.

"ಬಂದ್ರಾ ಡಾಕ್ಟ್ರಮ್ಮ? ನೋಡೋಕಾಗಲ್ಲ ಅಂತ ತಾನೇ ಹೋಗಿದ್ದು?" ಅಂದ.

"ಏನ್ ನೋಡೋಕಾಗಲ್ಲ? ದೊಡ್ಡಮ್ಮ ಎಲ್ಲಿ?"

ಅವನು ನನ್ನ ಮುಖವನ್ನೇ ನೋಡಿದ.  ಗೇಟಿನ ಕಂಬಿ ಹಿಡಿದುಕೊಂಡ.

"ನಿಮಗೆ ಗೊತ್ತಿಲ್ವಾ? ಅಯ್ಯೋ, ನಿಮಗೆ ಗೊತ್ತಿದೆ ಅಂದ್ರಲ್ಲ! 'ಡಾಕ್ಟ್ರಮ್ಮ ಬರ್ಲಿ, ಆಮೇಲೆ ನೋಡೋಣ' ಅಂತ ನಾನು ಗೇಟಿಗೆ ಅಡ್ಡ ನಿಂತೆ. 'ಅವರೇ ಒಪ್ಪಿರೋದು ಕಣಯ್ಯ, ತಂಗಿಯವರೇ ಫೋನಲ್ಲಿ ಹೇಳಿದ್ದಾರೆ' ಅಂದ್ರು ನಿರ್ದೇಶಕರು. ಹೊರಗಿನ ಡಾಕ್ಟ್ರು ಬಂದಿದ್ರು. ಬಂದೂಕಲ್ಲಿ ಸೂಜಿ ಹೊಡೀತೀವಿ ಅಂದ್ರು. ಅವಳು ಬೆದರ್ತಾಳೆ, ಗೋಡೆಗೆ ಗುದ್ಕೋತಾಳೆ ಅಂತ ನಾನೇ..."

ನನ್ನ ಕೈಯಲ್ಲಿದ್ದ ಸೇಬಿನ ಚೀಲದ ಕಡೆ ನೋಡಿದ.

"ನೀನೇ ಏನು ಮಾಮ?"

"ನಾನೇ ಕರೆದೆ. ಆ ಮಾಡು ಅಂದೆ. ಮಾಡಿದ್ಲು. ಒಸಡಿಗೆ ಚುಚ್ಚಿದ್ರು, ಸುಮ್ನೇ ನಿಂತಿದ್ಲು. ಇಡೀ ಬಕೆಟ್ ಕೊಡ್ತಾರೆ ಅಂತ ಕಾಯ್ತಿದ್ಲು ಡಾಕ್ಟ್ರಮ್ಮ."

ನಿಮ್ಮ ಮ್ಯೂಸಿಯಂನ ವ್ಯಾನು ಅದರ ಹಿಂದಿನ ದಿನವೇ ಬಂದು ನಿಂತಿತ್ತಂತೆ.

ಗುಬ್ಬಿ, ನನಗೆ ಉದ್ದ ಪತ್ರ ಬೇಡ. ನಿನಗೆ ಗೊತ್ತಿರಲಿಲ್ಲ ಎಂದು ಒಂದು ಸಾಲು ಬರೆ. ಅವರು ನಿನ್ನ ಹೆಸರು ಸುಮ್ಮನೆ ಬಳಸಿಕೊಂಡರು ಎಂದು ಬರೆ. ನಂಬುತ್ತೇನೆ.

ಅಕ್ಕ

ಜೂನ್ 8

ಪ್ರೀತಿಯ ಅಕ್ಕ,

ಆ ಸಾಲನ್ನು ಬರೆಯಲಾರೆ. ಗೊತ್ತಿತ್ತು.

ಆದರೆ ನೀನು ತಿಳಿದುಕೊಂಡ ಹಾಗಲ್ಲ. ಕೊಳವನ್ನು ಮುಚ್ಚಬೇಕೆಂದು ನಿರ್ದೇಶಕರು ಮೊದಲೇ ತೀರ್ಮಾನಿಸಿದ್ದರು. ಗೋಡೆ ಬಿರುಕು ಬಿಟ್ಟಿದೆ, ರಿಪೇರಿಗೆ ಬರುವಂತಿಲ್ಲ, ಅಂಥ ದವಡೆಯ ಮುದಿ ಪ್ರಾಣಿಯನ್ನು ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದರು. "ನಿಮ್ಮ ಅಕ್ಕನಿಗೆ ಹೇಳೋದು ಹೇಗೆ?" ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ? ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ, ಜಗಳವಾಡಿ ಕೆಲಸ ಕಳೆದುಕೊಳ್ಳುತ್ತಿದ್ದೆ. ಒಪ್ಪಿದ್ದರೆ ನಿನ್ನ ಕೈಯಿಂದಲೇ ಮಾಡಬೇಕಿತ್ತು, ಮಾಡಿ ಆಮೇಲೆ ನೀನು ಬದುಕುತ್ತಿದ್ದ ರೀತಿ ನನಗೆ ಗೊತ್ತು. ನಿನ್ನನ್ನು ಅದರಿಂದ ದೂರ ಇಡಬೇಕೆಂದು ಇಲ್ಲಿಗೆ ಕರೆಸಿಕೊಂಡೆ.

ನೀನು ಒಪ್ಪಿದ್ದೀ ಎಂದು ಹೇಳಿದ್ದು ಹೌದು. ನೀನೇ ಏಪ್ರಿಲ್‌ನಲ್ಲಿ ಬರೆದಿರಲಿಲ್ಲವೇ, ಮನಸ್ಸಿನಲ್ಲಿ ತೀರ್ಮಾನಿಸಿದ್ದೇನೆ ಎಂದು? ನೋವಿದೆ ಎಂದು?

ಹೇಗೂ ಹೋಗಬೇಕಾದವಳು. ಮಣ್ಣುಪಾಲಾಗುವ ಬದಲು ಅವಳನ್ನು ಸಾವಿರಾರು ಜನ ನೋಡುತ್ತಾರೆ. ಅದರಲ್ಲಿ ಏನು ತಪ್ಪಿದೆ ಹೇಳು. ಸಿಟ್ಟು ಮಾಡು, ಬೈಯಿ, ಆದರೆ ಹೊಟ್ಟೆಗೆ ಹಾಕಿಕೋ ಅಕ್ಕ. ನನಗೆ ಇರುವವಳು ನೀನೊಬ್ಬಳೇ.

ನಿನ್ನ
ಗುಬ್ಬಿ

ಜೂನ್ 20

ಚಿಕ್ಕವಳಿಗೆ ಅಮ್ಮನ ಆಶೀರ್ವಾದ.

ಹೊಸ ಕಣ್ಣಿನಲ್ಲಿ ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ದೊಡ್ಡದಾಗಿದೆ ಎಂದು ಸಿಟ್ಟು ಎಂದುಕೊಳ್ಳಬೇಡ. ಸಿಟ್ಟೂ ಇದೆ, ಆದರೆ ಅಕ್ಷರ ದೊಡ್ಡದಾದದ್ದು ಅಭ್ಯಾಸ ತಪ್ಪಿ.

ನಿನ್ನ ಅಕ್ಕ ನಿನಗೆ ಉತ್ತರ ಬರೆಯುವುದಿಲ್ಲ ಅಂದಳು. ನೀನು ಬರೆದದ್ದನ್ನು ನನಗೆ ಕೊಟ್ಟು, "ನೀನೇ ಓದ್ಕೋ, ಈಗ ಕಾಣತ್ತಲ್ಲ" ಅಂದಳು. ಓದಿದೆ. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವಳು ನನ್ನ ಚಿಕ್ಕ ಮಗಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ನಿನ್ನ ಮನೆಯಲ್ಲಿ ಎಷ್ಟು ಉಪಚಾರ ಮಾಡಿದೆ! ದಿಂಬಿನ ಕೆಳಗೆ ದಿಂಬು, ಹೊತ್ತು ಹೊತ್ತಿಗೆ ಔಷಧ, ಹಾಲಿನ ಕೆನೆ ತೆಗೆದು ಕೊಟ್ಟಿದ್ದು. ಪಟ್ಟಿಯ ಒಳಗೆ ಕತ್ತಲಲ್ಲಿ ಕೂತು, ಎಂಥ ಮಗಳನ್ನು ಹೆತ್ತೆ ಎಂದು ಹಿಗ್ಗುತ್ತಿದ್ದೆ. ಅಷ್ಟರಲ್ಲೂ ನಿನ್ನ ಲೆಕ್ಕ ಬೇರೆಯೇ ನಡೆದಿತ್ತಲ್ಲೇ. ನನ್ನ ಕಣ್ಣನ್ನೇ ಗಾಳಕ್ಕೆ ಸಿಕ್ಕಿಸಿ ನಿನ್ನ ಅಕ್ಕನನ್ನು ಎಳೆದುಕೊಂಡೆ. ಗಾಳಕ್ಕೆ ಸಿಕ್ಕಿಸಿದ ಹುಳುವಿಗೂ ಏನಾದರೂ ಅನ್ನಿಸುತ್ತದೆಂದು ನಿನಗೆ ಹೊಳೆಯಲೇ ಇಲ್ಲವೇ?

ಇನ್ನೊಂದು ಕಣ್ಣನ್ನು ಇಲ್ಲಿಯ ಸಣ್ಣ ಆಸ್ಪತ್ರೆಯಲ್ಲೇ ಮಾಡಿಸುತ್ತೇನೆ. ಅವರು ಸ್ವಲ್ಪ ಒರಟು, ಇರಲಿ.

ದೊಡ್ಡವಳು ಅಳುವುದಿಲ್ಲ. ಅತ್ತರೆ ನನಗೆ ಸಮಾಧಾನ ಮಾಡಲು ಬರುತ್ತದೆ. ಸುಮ್ಮನೆ ಬರುತ್ತಾಳೆ, ಉಣ್ಣುತ್ತಾಳೆ, ತಟ್ಟೆ ತೊಳೆದಿಟ್ಟು ಮಲಗುತ್ತಾಳೆ. ಮೊದಲಾದರೆ ಊಟಕ್ಕೆ ಕೂತರೆ ಯಾವ ಪ್ರಾಣಿ ಏನು ಕಚ್ಚಿತು, ಯಾವುದರ ಹಲ್ಲು ಬಿತ್ತು, ಕಿವಿ ತೂತಾಗುವಷ್ಟು ಹೇಳುತ್ತಿದ್ದಳು. ಸಾಕು ನಿಲ್ಲಿಸೇ ಎಂದು ಗದರಿಸುತ್ತಿದ್ದೆ.

ಹುಷಾರಾಗಿರು. ಊಟ ಬಿಡಬೇಡ.

ಅಮ್ಮ

ಅಕ್ಟೋಬರ್ 27

ಪ್ರೀತಿಯ ಅಕ್ಕ,

ಯಾವ ಪತ್ರಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ ಅಮ್ಮ ಎತ್ತಿ, "ಅವಳು ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾಳೆ. ಅಷ್ಟು ಸ್ನಾನ ನೀರಾನೆಯೂ ಮಾಡುವುದಿಲ್ಲ. ಕ್ಷಮಿಸು, ಈ ಮಾತು ಬರೆದ ಮೇಲೆ ಕೆಟ್ಟದೆನಿಸಿತು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ.

ಬುರುಡೆ ಸಿದ್ಧವಾಯಿತು. ಇಷ್ಟು ದೊಡ್ಡ ತಲೆಯನ್ನು ನಮ್ಮ ತೊಟ್ಟಿಯಲ್ಲಿ ಎಂದೂ ಇಳಿಸಿರಲಿಲ್ಲ. ನೀರಿನಲ್ಲಿ ನೆನೆದು ಮಾಂಸ ಬಿಡಲು ಎರಡೂವರೆ ತಿಂಗಳು ಹಿಡಿಯಿತು, ಕೊಬ್ಬು ಇಳಿದು ಒಣಗಲು ಇನ್ನೂ ಅಷ್ಟು. ಉದ್ಘಾಟನೆಗೆ ಸರಿಯಾಗಿ ಬಂತು ಎಂದು ಎಲ್ಲರೂ ಉಸಿರುಬಿಟ್ಟರು.

ಡಿಸೆಂಬರ್ ಹತ್ತಕ್ಕೆ ಬಾ. ಮೊದಲ ಸಾಲಿನಲ್ಲಿ ನಿನಗೊಂದು ಕುರ್ಚಿ ಇಟ್ಟಿರುತ್ತೇನೆ.

ನಿನ್ನ
ಗುಬ್ಬಿ

ಜನವರಿ 14

ಗುಬ್ಬಿ,

ಡಿಸೆಂಬರ್ ಹತ್ತಕ್ಕೆ ಬರಲಿಲ್ಲ. ಹೋದ ವಾರ ಬಂದಿದ್ದೆ. ನಿನಗೆ ಹೇಳದೆ, ಟಿಕೆಟ್ ಕೊಂಡು, ಎಲ್ಲರ ಹಾಗೆ ಮೆಟ್ಟಿಲು ಹತ್ತಿದೆ. ನೀನು ಮೀಟಿಂಗಿನಲ್ಲಿದ್ದೀ ಎಂದು ಬಾಗಿಲಲ್ಲಿದ್ದ ಹೆಂಗಸು ಹೇಳಿದಳು. ಒಳ್ಳೆಯದೇ ಆಯಿತು.

ಕೋಣೆ ಚೆನ್ನಾಗಿದೆ. ಸುಳ್ಳು ಹೇಳುವುದಿಲ್ಲ. ಸೊಳ್ಳೆಯ ಬಾಯಿಯ ಮುಂದೆ ಜನ ತಮ್ಮ ತೋಳು ಕೆರೆದುಕೊಳ್ಳುತ್ತಿದ್ದರು. ಚಿಟ್ಟೆಯ ಮುಂದೆ ಒಬ್ಬ ಮುದುಕ ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಮಿಡತೆಯ ದವಡೆಗೆ ಹಿಡಿ ಹಾಕಿ, ಎಳೆದರೆ ಅಕ್ಕಪಕ್ಕ ತೆರೆಯುವ ಹಾಗೆ ಮಾಡಿದ್ದೀ. ನಾನೂ ಎಳೆದು ನೋಡಿದೆ.

ಆಮೇಲೆ ಪೀಠದ ಹತ್ತಿರ ಹೋದೆ. ಬಾಯಿಯನ್ನು ಪೂರ್ತಿ ತೆರೆದು ನಿಲ್ಲಿಸಿದ್ದೀ, ಕೆಳಗಿನಿಂದ ದೀಪ. ವಾರೆ ದವಡೆ, ಎದುರಾಳಿಯಿಲ್ಲದ ಆ ಕೋರೆ. ಕೋರೆಯ ತುದಿಯಲ್ಲಿ ನನ್ನ ಗರಗಸದ ಗೆರೆಗಳು ಹಾಗೇ ಇವೆ. ಕೊನೆಯ ಸಲ ಕೊಯ್ದದ್ದು ನಿನ್ನ ಮನೆಗೆ ಹೊರಡುವ ಹಿಂದಿನ ದಿನ. ನಾನಿಲ್ಲದಾಗ ತುಟಿಗೆ ಚುಚ್ಚದಿರಲಿ ಎಂದು ಎಂದಿಗಿಂತ ಕೊಂಚ ಹೆಚ್ಚೇ ತೆಗೆದಿದ್ದೆ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಗೆಳತಿಗೆ, "ಎಷ್ಟು ಸಿಟ್ಟಲ್ಲಿತ್ತು ನೋಡೇ ಇದು" ಅಂದಳು. ಸಿಟ್ಟಲ್ಲ ಮಗು ಎನ್ನಬೇಕೆನಿಸಿತು. ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕೆಳಗಿನ ಫಲಕ ಓದಿದೆ. 'ವೃದ್ಧಾಪ್ಯದಿಂದ ಮೃತಪಟ್ಟದ್ದು.'

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಲ್ಲಿಯವರೆಗೂ ನಿನ್ನ ಜೂನ್ ತಿಂಗಳ ಪತ್ರವನ್ನು ಅರ್ಧದಷ್ಟಾದರೂ ನಂಬಿದ್ದೆ ಗುಬ್ಬಿ. ನಿರ್ದೇಶಕರು ತೀರ್ಮಾನಿಸಿದ್ದರು, ನೀನು ನನ್ನನ್ನು ಕಾಪಾಡಲು ಹೋಗಿ ತಪ್ಪಿದೆ ಎಂದು. ಒಳ್ಳೆಯ ಉದ್ದೇಶದ ಪೆದ್ದು ಎಂದು ನಿನ್ನನ್ನು ಕ್ಷಮಿಸುವ ದಾರಿ ಹುಡುಕುತ್ತಿದ್ದೆ. ಆ ಮೆಟ್ಟಿಲ ಮೇಲೆ ಕೂತಾಗ ನಿನ್ನ ತೊಟ್ಟಿಯ ಮಾತು ನೆನಪಾಯಿತು. ಅಷ್ಟು ದೊಡ್ಡ ಬುರುಡೆ ಡಿಸೆಂಬರ್‌ಗೆ ಒಣಗಿ ನಿಲ್ಲಬೇಕಾದರೆ ಮೇ ದಾಟುವ ಹಾಗಿರಲಿಲ್ಲ. ಊರಿಗೆ ಮರಳಿದವಳೇ ನಿರ್ದೇಶಕರ ಕೋಣೆಗೆ ಹೋಗಿ ಕೇಳಿದೆ. "ಕೊಳ ಮುಚ್ಚಬೇಕು ಅಂತ ಮಾತಿತ್ತು ಡಾಕ್ಟ್ರೇ, ಆದ್ರೆ ಮೇ ತಿಂಗಳಲ್ಲೇ ಆಗ್ಬೇಕು ಅಂತ ನನಗೇನು ಅವಸರ? ಕೊಳ ಇನ್ನೂ ಹಾಗೇ ಬಿದ್ದಿದೆಯಲ್ಲ" ಅಂದರು. ಅವರಿಗೆ ತಾವು ಏನು ಹೇಳಿದೆವೆಂದೇ ಗೊತ್ತಾಗಲಿಲ್ಲ. ಚಹಾ ಬೇಕೇ ಎಂದು ಕೇಳಿದರು.

ಅವಳು ಸತ್ತದ್ದಕ್ಕಲ್ಲ ನನ್ನ ಸಂಕಟ. ನಾನು ಪ್ರಾಣಿ ವೈದ್ಯೆ. ಸಾವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡುವವಳು. ಇನ್ನೊಂದು ವರ್ಷಕ್ಕೆ ನಾನೇ ಅದನ್ನು ಮಾಡಬೇಕಾಗಿ ಬರುತ್ತಿತ್ತೇನೋ. ಅವಳು ಬಾಯಿ ತೆರೆದದ್ದು ನನ್ನ ಮಾತಿಗೆ. ಒಂದೂವರೆ ವರ್ಷ ಕೂತು, ಈ ಮಾತಿನ ಹಿಂದೆ ಕೇಡಿಲ್ಲ ಎಂದು ನಾನು ಅವಳಿಗೆ ಕಲಿಸಿದ್ದೆ. ಆ ಕಲಿಕೆಯನ್ನೇ ಹಿಡಿದು ನೀವು ಒಳಗೆ ನುಗ್ಗಿದಿರಿ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂಬ ಮಾತನ್ನು ಎಷ್ಟೋ ಸಲ ಹಗುರಾಗಿ ಆಡಿದ್ದೇನೆ. ಇನ್ನು ಆಡಲಾರೆ.

ಅವಳನ್ನು ಕೊಂದ ದಿನ ಬೆಳಿಗ್ಗೆ ನಿನ್ನ ಮನೆಯಲ್ಲಿ ನಡೆದದ್ದು ನನಗೆ ನೆನಪಿದೆ. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ದೊಡ್ಡಮ್ಮನ ಕಥೆಯನ್ನೇ ಹೇಳುತ್ತಿದ್ದೆ. ನಿನಗೊಂದು ಫೋನ್ ಬಂತು, ನೀನು ಬಾಲ್ಕನಿಗೆ ಹೋದೆ. ಮರಳಿ ಬಂದು, "ಆಫೀಸಿನವ್ರು, ತಲೆ ತಿಂತಾರೆ" ಎಂದು ನಕ್ಕು, ನನ್ನ ಎದುರು ಕೂತು, "ಆಮೇಲೆ? ಆಮೇಲೆ ಏನು ಮಾಡಿದ್ಲು?" ಎಂದು ಕೇಳಿದೆ. ನಾನು ಹೇಳಿದೆ. ನೀನು ಪೂರ್ತಿ ಕೇಳಿದೆ.

ಮಾಮ ಈಗ ಪಕ್ಷಿಗಳ ವಿಭಾಗದಲ್ಲಿದ್ದಾನೆ, ತಾನಾಗಿ ಕೇಳಿಕೊಂಡು ಹೋದ. ಕಾಳು ಚೆಲ್ಲಿ ಬರುವುದಷ್ಟೇ ಕೆಲಸ, ಯಾವುದನ್ನೂ ಕರೆಯಬೇಕಾಗಿಲ್ಲ. ಮೊಮ್ಮಗುವಿಗೆ ಉಣ್ಣಿಸಲು ಕೂತರೆ ಆ ಮಾತು ಬಾಯಿಗೆ ಬರುವುದಿಲ್ಲ, ಚಮಚ ಹಿಡಿದುಕೊಂಡು ಸುಮ್ಮನೆ ಕೂರುತ್ತಾನೆ ಎಂದು ಅವನ ಹೆಂಡತಿ ಹೇಳಿದಳು.

ತಾರೀಕು ಗೊತ್ತು ಮಾಡಿದ್ದು ಯಾರು? ಇಷ್ಟಕ್ಕೆ ಮಾತ್ರ ಉತ್ತರ ಬೇಕು.

ಅಕ್ಕ

ಜನವರಿ 29

ಅಕ್ಕ,

ನಾನು.

ನೆಪಗಳನ್ನೆಲ್ಲ ಬರೆದು ಹರಿದು ಹಾಕಿದೆ. ಕೊಳ ಮುಚ್ಚುವ ಮಾತು ಎತ್ತಿದ್ದು ಅವರೇ, ಅದು ನಿಜ. ಯಾವಾಗ ಎಂದು ಅವರಿಗೇ ಗೊತ್ತಿರಲಿಲ್ಲ. "ಮೇನಲ್ಲಿ ಆದರೆ ನಮಗೆ ಅನುಕೂಲ, ಅಕ್ಕನನ್ನು ನಾನು ನೋಡಿಕೊಳ್ಳುತ್ತೇನೆ" ಎಂದವಳು ನಾನು. ಮಾರ್ಚ್‌ನಲ್ಲಿ, ಆ ಚಹಾ ಕುಡಿಯುವಾಗಲೇ. ನಿನ್ನ ಏಪ್ರಿಲ್ ಪತ್ರ ಆಮೇಲೆ ಬಂತು. ಅದನ್ನು ಓದಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಬಳಸಿಕೊಂಡೆ.

ನೀನು ಅವಳ ಬಾಯೊಳಗೆ ಕೈ ಹಾಕಿದಾಗ ನಾನು ಅತ್ತೆನಲ್ಲ, ಅದು ನಿಜವಾದ ಅಳುವೇ. ಆದರೆ ಅಳುತ್ತಲೇ ಪೀಠದ ಅಗಲ ಸಾಲುತ್ತದೋ ಇಲ್ಲವೋ ಎಂದು ಅಂದಾಜು ಮಾಡುತ್ತಿದ್ದೆ. ಎರಡೂ ಒಟ್ಟಿಗೇ. ಅಂಥವಳು ನಾನು ಎಂದು ನನಗೂ ಮೊದಲು ಗೊತ್ತಿರಲಿಲ್ಲ.

ಬೇಕೆಂದರೆ ಅವಳನ್ನು ಪೀಠದಿಂದ ಇಳಿಸುತ್ತೇನೆ. ರಾಜೀನಾಮೆ ಕೊಡು ಅಂದರೂ ಕೊಡುತ್ತೇನೆ. ಏನು ಮಾಡಲಿ ಹೇಳು.

ಗುಬ್ಬಿ

ಮಾರ್ಚ್ 3

ಗುಬ್ಬಿ,

ಇಳಿಸಬೇಡ. ಇಳಿಸಿದರೆ ಉಗ್ರಾಣದ ಯಾವುದೋ ಮೂಲೆಯಲ್ಲಿ ಧೂಳು ತಿನ್ನುತ್ತಾಳೆ, ಅಷ್ಟೇ. ರಾಜೀನಾಮೆಯೂ ಬೇಡ, ಅದರಿಂದ ನಿನಗೆ ಹಗುರವಾಗಬಹುದು, ನನಗೇನೂ ಆಗುವುದಿಲ್ಲ. ಫಲಕ ಬದಲಿಸು. ಅವಳನ್ನು ಕೊಲ್ಲಲಾಯಿತು ಎಂದು ಬರೆಸು. ಯಾಕೆ, ಯಾರು ಎಂದು ಬೇಡ. ಆ ಒಂದು ಮಾತು ಇರಲಿ.

ಅಮ್ಮ ದಿನಾ ಪೀಡಿಸುತ್ತಾಳೆ. "ಒಡಹುಟ್ಟಿದವಳು ಕಣೇ, ಎಷ್ಟು ದಿನ ಹೀಗೆ?" ಎನ್ನುತ್ತಾಳೆ. ನಿನ್ನ ಮೇಲಿನ ಅವಳ ಸಿಟ್ಟು ಎರಡನೇ ಕಣ್ಣಿನ ಪಟ್ಟಿಯ ಜೊತೆಗೇ ಬಿಚ್ಚಿಹೋಯಿತು ಎಂದು ಕಾಣುತ್ತದೆ. ತಾಯಿಗೆ ಅದು ಸಾಧ್ಯ. ಬೇಸಿಗೆಗೆ ಮನೆಗೆ ಬಾ. ಬಾಗಿಲು ತೆಗೆಯುತ್ತೇನೆ, ಬಡಿಸುತ್ತೇನೆ, ಹಾಸಿಗೆ ಹಾಕಿಕೊಡುತ್ತೇನೆ. ಅಮ್ಮನ ಔಷಧ, ಮನೆಯ ಸೋರುವ ನಲ್ಲಿ, ನಿನ್ನ ಆರೋಗ್ಯ, ಎಲ್ಲವನ್ನೂ ಮಾತಾಡೋಣ. ನನ್ನ ಕೆಲಸದ ಮಾತು ಮಾತ್ರ ಕೇಳಬೇಡ. ಕೇಳಿದರೆ ಎದ್ದು ಹೋಗುತ್ತೇನೆ.

ಹೋದ ತಿಂಗಳು ಹೊಸದೊಂದು ಬಂದಿದೆ. ಅದರ ಬಾಯಿಯಲ್ಲೂ ತೊಂದರೆಯಿದೆ. ದಿನಾ ಬೆಳಿಗ್ಗೆ ಕಂಬಿಯ ಹತ್ತಿರ ಕೂತು ತೆರೆಯಲು ಕಲಿಸುತ್ತಿದ್ದೇನೆ, ಬೇರೆ ಮಾತಿನಲ್ಲಿ. ನಿನ್ನೆ ಮೊದಲ ಸಲ ತುಟಿ ಬಿಡಿಸಿತು.

ಯಾವ ಪ್ರಾಣಿ ಎಂದು ನಿನಗೆ ಹೇಳುವುದಿಲ್ಲ.

ಅಕ್ಕ